ಮುಂದಿನ ಹಲಗೆಯ ತೂಕದಕ್ಕ

ಅವಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟವಾಗಿತ್ತು. ಕೂರುವುದು, ಅಷ್ಟೇ. ದೋಣಿಯ ಮೂತಿಯಲ್ಲಿ, ಮುಂದಿನ ಹಲಗೆಯ ಮೇಲೆ, ಸಮುದ್ರದ ಕಡೆ ಮುಖ ಮಾಡಿ ಕೂರುವುದು. ಅದಕ್ಕೆ ಸಂಬಳವೂ ಬರುತ್ತಿತ್ತು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವರು ಅವಳನ್ನು ನೋಡಿರಲಿಲ್ಲ.

ಹುಟ್ಟಿದಾಗಿನಿಂದ ದಪ್ಪ. ಚಿಕ್ಕಂದಿನಲ್ಲಿ ಅವಳು ನಡೆದು ಬಂದರೆ ಗೂಡಿನಲ್ಲಿಟ್ಟ ಲೋಟಗಳು ಮಾತಾಡುತ್ತವೆ ಎಂದು ಚಿಕ್ಕಪ್ಪ ನಗುತ್ತಿದ್ದ. ಅಮ್ಮ ನಗುತ್ತಿರಲಿಲ್ಲ. "ಭೂಮಿಗೆ ಭಾರ, ಕೂಳಿಗೆ ದಂಡ" ಎಂದು ತಟ್ಟೆಯನ್ನು ಕುಕ್ಕಿ ಇಡುತ್ತಿದ್ದಳು. ಮದುವೆಯ ಮಾತು ಒಂದೆರಡು ಕಡೆಯಿಂದ ಬಂದು, ಅವಳನ್ನು ಕಣ್ಣಾರೆ ಕಂಡ ಮೇಲೆ ಅಲ್ಲಲ್ಲೇ ನಿಂತುಹೋಯಿತು. ಅಮ್ಮ ಹೋದ ಮೇಲೆ ಅವಳು ಸಮುದ್ರದ ದಡದ ಲಾಡ್ಜೊಂದರಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಚುವ ಕೆಲಸಕ್ಕೆ ಸೇರಿದಳು. ಬೇರೆಯವರು ಮಲಗಿ ಎದ್ದು ಹೋದ ಹಾಸಿಗೆಯ ಬಟ್ಟೆ. ಮಲಗಿದವರ ಮುಖ ಅವಳಿಗೆ ಯಾವತ್ತೂ ಕಾಣಲಿಲ್ಲ.

ಅಲ್ಲಿಂದ ಅವಳನ್ನು ಎಬ್ಬಿಸಿಕೊಂಡು ಹೋದವನು ದೋಣಿಯವನು. ಕೊಲ್ಲಿಯನ್ನು ಸುತ್ತಿಸಿ ತೋರಿಸುವ ದೋಣಿ ಅವನದು. ಗುಂಪು ಗುಂಪಾಗಿ ಜನ ತುಂಬುವ ದೊಡ್ಡ ದೋಣಿಯಲ್ಲ, ಇಡೀ ದೋಣಿಯನ್ನು ತಮಗಷ್ಟೇ ಬಾಡಿಗೆಗೆ ಹಿಡಿಯುವವರಿಗೆಂದು ಇಟ್ಟ ಚಿಕ್ಕದು. ಹಿಂಭಾಗದಲ್ಲಿ ಮೆತ್ತೆ ಹಾಕಿದ ಆಸನ, ಮೇಲೆ ನೆರಳಿಗೊಂದು ಬಟ್ಟೆ. ಅವನು ಹುಮ್ಮಸ್ಸಿನಲ್ಲಿ ದೊಡ್ಡ ಎಂಜಿನ್ ಹಾಕಿಸಿಬಿಟ್ಟಿದ್ದ. ಎಂಜಿನ್ ಹಿಂದೆ, ಕೂತವರೂ ಹಿಂದೆ. ವೇಗ ಕೊಟ್ಟ ಕೂಡಲೇ ದೋಣಿ ಮೂತಿ ಎತ್ತಿ ಆಕಾಶ ನೋಡುತ್ತಿತ್ತು. ಮೂತಿಯಲ್ಲಿ ಮರಳಿನ ಮೂಟೆ ಇಟ್ಟು ನೋಡಿದ. ಮೂಟೆ ನೆನೆದು ಒಡೆದು, ಬಂದವರ ಚಪ್ಪಲಿಯೆಲ್ಲ ಮರಳಾಯಿತು. ಒಂದು ದಿನ ಲಾಡ್ಜಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅವಳನ್ನು ಅವನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಅಕ್ಕಾ, ಕೋಪ ಮಾಡ್ಕೋಬೇಡಿ. ಒಂದು ಸಲ ಬಂದು ನನ್ನ ದೋಣಿ ಮುಂದೆ ಕೂತ್ಕೋತೀರಾ?"

ಅವಳಿಗೆ ಕೋಪ ಬರಲಿಲ್ಲ. ಅವಳ ಮೈಯನ್ನು ನೋಡಿ 'ಬಾ' ಎಂದವನು ಅವನೇ ಮೊದಲು.

ನಿಯಮ ಒಂದೇ. "ಹಿಂದೆ ತಿರುಗಬಾರದು ಅಕ್ಕ, ಮಾತಾಡಬಾರದು. ಇಡೀ ದೋಣಿ ತಗೊಂಡಿರ್ತಾರೆ. ತಾವಿಬ್ಬರೇ ಇದ್ದೀವಿ ಅಂತ ಅವರಿಗೆ ಅನಿಸ್ಬೇಕು."

"ಹಾಗಾದ್ರೆ ನಾನು?"

"ನೀವು ಮರಳಿನ ಮೂಟೆ ಅಂದ್ಕೊಳ್ಳಿ."

"ಆಗ್ಲಿ ಕಣಪ್ಪಾ. ಮೂಟೆಗೆ ಮಧ್ಯಾಹ್ನ ಊಟಕ್ಕೆ ಬಿಡುವು ಇದೆ ತಾನೇ?"

ಹೀಗೆ ಅವಳು ತೂಕದಕ್ಕ ಆದಳು. ದೋಣಿಯವನ ಬಾಯಿಂದ ಹೊರಟ ಹೆಸರು ದೋಣಿ ಕಟ್ಟುವ ಕಟ್ಟೆಯ ತುಂಬ ಹರಡಿತು, ಅವಳ ಸ್ವಂತ ಹೆಸರು ಕೇಳುವವರಿಲ್ಲದೆ ಮೂಲೆ ಸೇರಿತು. ಕೆಲಸದಲ್ಲಿ ಅವಳು ಮೂಟೆಗಿಂತ ಮೇಲೇ ಇದ್ದಳು. ತಿರುವಿನಲ್ಲಿ ಎಡಕ್ಕೆ ವಾಲು ಎಂದರೆ ಮೂಟೆ ವಾಲುವುದಿಲ್ಲ. ಇವಳು ಹೇಳುವ ಮೊದಲೇ ವಾಲುತ್ತಿದ್ದಳು.

ಕೊಲ್ಲಿ ಚೆಂದದ್ದು, ಅದರಲ್ಲಿ ಎರಡು ಮಾತಿಲ್ಲ. ಕಟ್ಟೆ ಬಿಟ್ಟು ಸ್ವಲ್ಪ ದೂರ ಹೋದರೆ ನೀರು ಬೂದಿಯಿಂದ ಹಸಿರಿಗೆ ತಿರುಗುತ್ತದೆ. ಆಮೇಲೆ ಕಡಿದಾದ ಗುಡ್ಡ, ಗುಡ್ಡದ ಬುಡದಲ್ಲಿ ಅಲೆ ನುಗ್ಗಿ ಗುಡುಗುವ ಗವಿ, ಅದರಾಚೆ ಇಳಿತದ ಹೊತ್ತಿಗೆ ಮಾತ್ರ ತಲೆ ತೋರುವ ಮರಳ ದಿಣ್ಣೆ. ಎಲ್ಲರಿಗಿಂತ ಮುಂದೆ ಕೂತವಳು ಅವಳಾದ್ದರಿಂದ ಎಲ್ಲವೂ ಮೊದಲು ಕಾಣುತ್ತಿದ್ದದ್ದು ಅವಳಿಗೇ. ಮೀನು ನೆಗೆದರೆ ಮೊದಲು ಅವಳಿಗೆ, ಹಕ್ಕಿ ಎದ್ದರೆ ಮೊದಲು ಅವಳಿಗೆ. ಕಂಡ ಕೂಡಲೇ 'ಅಲ್ಲಿ ನೋಡು' ಎನ್ನಲು ಬಾಯಿ ತೆರೆಯುತ್ತಿತ್ತು. ಮೂಟೆ ಎಂಬುದು ನೆನಪಾಗಿ ಮುಚ್ಚಿಕೊಳ್ಳುತ್ತಿತ್ತು.

ಕಣ್ಣು ಮುಂದಿದ್ದರೂ ಬದುಕಿದ್ದು ಮಾತ್ರ ಬೆನ್ನ ಹಿಂದೆ. ಬೆನ್ನಿಗೂ ಕಿವಿ ಇರುತ್ತದೆ ಎಂದು ಅವಳಿಗೆ ತಿಳಿದದ್ದು ಆ ಹಲಗೆಯ ಮೇಲೆ. ಮದುವೆಯಾಗೋಣವೇ ಎಂದು ಕೇಳಲು ಬಂದವನು ಗವಿ ದಾಟುವವರೆಗೂ ಹವಾಮಾನ ಮಾತಾಡುವುದು, ಗಂಡ ಹೆಂಡತಿ ಮನೆಯ ಜಗಳವನ್ನು ನೀರಿನ ಮೇಲೆ ಮುಂದುವರಿಸುವುದು, ಒಬ್ಬಳು ತಾಯಿ ಮಗಳಿಗೆ "ಬಿಟ್ಟು ಬಾ, ನಾನಿದ್ದೀನಿ" ಎನ್ನುವುದು. ಎಲ್ಲ ಕೇಳುತ್ತಿದ್ದಳು. ದಡಕ್ಕೆ ಬಂದ ಮೇಲೂ ಅವರು ಇಳಿದು ಹೋಗುವವರೆಗೆ ತಿರುಗುವಂತಿರಲಿಲ್ಲ. ಹಾಗಾಗಿ ಅವಳಿಗೆ ಗೊತ್ತಿದ್ದ ಜನರೆಲ್ಲ ಬರೀ ದನಿಗಳು.

ಸಂಜೆ ಆ ದನಿಗಳನ್ನು ಮನೆಗೆ ಕರೆದೊಯ್ಯುತ್ತಿದ್ದಳು. ಮನೆಯೆಂದರೆ ಮಂಜುಗಡ್ಡೆ ಅಂಗಡಿಯ ಮೇಲಿನ ಒಂದು ಕೋಣೆ. ನೆಲ ಬೇಸಿಗೆಯಲ್ಲೂ ತಣ್ಣಗೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ಒಲೆ, ಒಂದು ತಟ್ಟೆ, ಒಂದು ಕುರ್ಚಿ. ಒಲೆಯ ಮುಂದೆ ನಿಂತು ಅವಳು ಅಂದಿನ ಜಗಳಕ್ಕೆ ತೀರ್ಪು ಕೊಡುತ್ತಿದ್ದಳು. "ಅವಳು ಹೇಳೋದ್ರಲ್ಲೂ ನ್ಯಾಯ ಇದೆ ಕಣಪ್ಪಾ, ನೀನು ಅಷ್ಟು ಕಿರುಚಬಾರದಿತ್ತು." ಗೋಡೆ ಹೂಂಗುಟ್ಟುತ್ತಿರಲಿಲ್ಲ. ಅವಳಿಗೆ ಬೇರೆ ಯಾರೂ ಇರಲಿಲ್ಲ, ಸುತ್ತಿ ಬಳಸಿ ಹೇಳುವುದೇಕೆ.

ಆ ದನಿಗಳಲ್ಲಿ ಅವಳು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟುಕೊಂಡದ್ದು ಕುದುರೆಯವರದು. ಎಷ್ಟೋ ವರ್ಷದ ಹಿಂದೆ ಬಂದ ಗಂಡ ಹೆಂಡತಿ. ಹೆಂಡತಿಗೆ ನೀರೆಂದರೆ ಜೀವಭಯ, ಹತ್ತಿದವಳೇ ಕಣ್ಣು ಮುಚ್ಚಿಬಿಟ್ಟಳು. ಗಂಡ ಕಂಡದ್ದನ್ನೆಲ್ಲ ಹೇಳತೊಡಗಿದ. ನೀರು ಹಸಿರಾಯಿತು, ಗವಿ ಬಂತು ಎಂದ. ಅವಳು ಜಪ್ಪಯ್ಯ ಎಂದರೂ ಕಣ್ಣು ಬಿಡಲಿಲ್ಲ. ಆಗ ಅವನ ದನಿ ಬದಲಾಯಿತು.

"ಗುಡ್ಡದ ಮೇಲೆ ಬಿಳಿ ಕುದುರೆ ನಿಂತಿದೆ ಕಣೇ. ನಿನ್ನನ್ನೇ ನೋಡ್ತಿದೆ."

"ನಿಜವಾಗ್ಲೂ?"

"ನಿನ್ನಾಣೆ. ಪಕ್ಕದಲ್ಲೊಂದು ನೀಲಿ ಮನೆ. ಬಾಗಿಲಲ್ಲಿ ಅಜ್ಜಿ. ಅಯ್ಯೋ, ಅಜ್ಜಿ ಕುದುರೆ ಹತ್ತಿದ್ಳು!"

ತೂಕದಕ್ಕ ಗುಡ್ಡ ನೋಡಿದಳು. ಬೋಳು ಬಂಡೆ, ಅದರ ಮೇಲೆ ಹಕ್ಕಿಯ ಹಿಕ್ಕೆ. ನಗು ತಡೆಯಲು ಹೋಗಿ ಅವಳ ಹೊಟ್ಟೆ ಕುಲುಕಿತು, ಅದರ ಜೊತೆ ದೋಣಿಯೂ ಕುಲುಕಿತು. ಹಿಂದಿನಿಂದ ದೋಣಿಯವನು ಕೆಮ್ಮಿ ಎಚ್ಚರಿಸಿದ. ಆ ಹೆಂಡತಿ ಮಾತ್ರ ದಡ ಸೇರುವವರೆಗೆ ಕಣ್ಣು ಬಿಡಲಿಲ್ಲ. ಆಮೇಲೆ ಎಷ್ಟೋ ಸಂಜೆ ತೂಕದಕ್ಕ ಒಲೆ ಮುಂದೆ ನಿಂತು ಆ ಅಜ್ಜಿಯನ್ನು ಕುದುರೆಯಿಂದ ಇಳಿಸುವುದು ಹೇಗೆ ಎಂದು ಯೋಚಿಸಿದ್ದುಂಟು.

ಹೀಗಿರಲು ಅವಳು ಇಳಿಯತೊಡಗಿದಳು.

ಮೊದಲು ಬಳೆ ಸಡಿಲವಾಯಿತು, ಆಮೇಲೆ ಅಂಗಿ. ನಲ್ಲಿಯ ಹತ್ತಿರ ಹೆಂಗಸರು "ಏನ್ ಮಾಡ್ತಿದ್ದೀರಾ ತೂಕದಕ್ಕಾ, ನಮಗೂ ಹೇಳ್ಕೊಡಿ" ಎಂದು ಹೊಟ್ಟೆಕಿಚ್ಚು ಪಟ್ಟರು. ಡಾಕ್ಟರು ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದು ಮಾತ್ರೆ ಕೊಟ್ಟರು. ಕಾಯಿಲೆಗೆ ಅವಳು ಹೆದರಲಿಲ್ಲ. ಹೆದರಿದ್ದು ಹಲಗೆಯ ಕಾರಣಕ್ಕೆ. ಜೀವಮಾನವೆಲ್ಲ ಇಳಿಯಲಿ ಇಳಿಯಲಿ ಎಂದು ಬೇಡಿಕೊಂಡಾಗ ಇಳಿಯದ ಮೈ, ಅದರಿಂದಲೇ ಅನ್ನ ಹುಟ್ಟುವಾಗ ಕರಗತೊಡಗಿತ್ತು. ತೂಕ ಹೋದರೆ ಹಲಗೆ ಹೋಗುತ್ತದೆ. ಹಲಗೆ ಹೋದರೆ ಅವಳಿಗೆ ಉಳಿಯುವುದು ಆ ಕೋಣೆ, ಆ ಗೋಡೆ.

ದಡದಲ್ಲಿ ನುಣ್ಣನೆಯ ಕಲ್ಲುಗಳಿಗೆ ಬರವಿರಲಿಲ್ಲ. ಕೈಚೀಲದಲ್ಲಿ ಕಲ್ಲು ತುಂಬಿ, ಮೇಲೆ ಊಟದ ಡಬ್ಬಿ ಇಟ್ಟು ತರತೊಡಗಿದಳು. ಮೈ ಕರಗಿದಷ್ಟೂ ಕಲ್ಲು ಹೆಚ್ಚಿತು. ಕಷ್ಟವಿದ್ದದ್ದು ಹೊರುವುದರಲ್ಲಲ್ಲ, ಹತ್ತಿ ತುಂಬಿದ ಚೀಲವೇನೋ ಎಂಬಂತೆ ನಗುನಗುತ್ತಾ ಹೊರುವುದರಲ್ಲಿ. ಒಂದು ಬೆಳಿಗ್ಗೆ ದೋಣಿಯವನು "ಇವತ್ಯಾಕೋ ದೋಣಿ ಹಗುರ ಅನ್ನಿಸ್ತಿದೆ" ಎಂದು ತನ್ನಷ್ಟಕ್ಕೆ ಗೊಣಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಚೀಲಕ್ಕೆ ಹೋಯಿತು. ಅವನು ನೋಡಲಿಲ್ಲ, ಅಥವಾ ನೋಡಲಿಲ್ಲವೆಂದು ಅವಳು ಅಂದುಕೊಂಡಳು. ಅದೇ ವಾರ ಅವನು ಬಡಗಿಯನ್ನು ಕರೆಸಿ, ಅವಳ ಹಲಗೆಯ ಕೆಳಗೆ ಮುಚ್ಚಳವಿರುವ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ. "ಹಗ್ಗ ಇಡೋಕೆ" ಎಂದ.

ಅದಾಗಿ ವರ್ಷದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹೆಂಗಸು ಬಂದು ಇಡೀ ದೋಣಿ ಕೇಳಿದಳು. ತೂಕದಕ್ಕ ಎಂದಿನಂತೆ ಮೊದಲೇ ಕೂತಿದ್ದಳು. ಬೆನ್ನ ಹಿಂದೆ ಒಂದೇ ಜೊತೆ ಚಪ್ಪಲಿಯ ಸದ್ದು. ದೋಣಿ ಹೊರಟಿತು. ಮಾತಿಲ್ಲ. ನೀರು ಹಸಿರಾಯಿತು, ಗವಿ ಗುಡುಗಿತು, ಆಗಲೂ ಮಾತಿಲ್ಲ. ಇಷ್ಟು ವರ್ಷದಲ್ಲಿ ಹಿಂದೆ ಇಂಥ ಮೌನ ಕೂತಿದ್ದಿಲ್ಲ. ತನ್ನ ಕೋಣೆಯೇ ಬಾಡಿಗೆ ಕೊಟ್ಟು ದೋಣಿ ಹತ್ತಿದೆಯೇನೋ ಎಂದು ತೂಕದಕ್ಕನಿಗೆ ಅನಿಸಿತು.

ಗುಡ್ಡದ ಕೆಳಗೆ ಬಂದಾಗ ಆ ಹೆಂಗಸು ಬಾಯಿ ಬಿಟ್ಟಳು. "ಸ್ವಲ್ಪ ನಿಲ್ಲಿಸ್ತೀರಾ? ಇಲ್ಲಿ ಮೇಲೆ ಒಂದು ಬಿಳಿ ಕುದುರೆ ಇತ್ತಲ್ಲ? ನೀಲಿ ಮನೆ?"

ತೂಕದಕ್ಕ ಕಿವಿ ನಿಮಿರಿಸಿದಳು. ದನಿ ಸೊರಗಿತ್ತು, ಆದರೆ ಅದೇ ದನಿ. 'ನಿಜವಾಗ್ಲೂ?' ಎಂದು ಕೇಳಿದ್ದ ದನಿ. ಅವಳು ಇನ್ನೊಂದು ದನಿಗಾಗಿ ಕಾದಳು. ಅದು ಬರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು.

"ಕುದುರೆನಾ?" ದೋಣಿಯವನು ಎಂಜಿನ್ ನಿಲ್ಲಿಸಿದ. "ಇಲ್ಲಮ್ಮ, ಇಲ್ಲಿ ಮನೆಗಿನೆ ಯಾವತ್ತೂ ಇರಲಿಲ್ಲ. ನೀವು ಬೇರೆ ಊರಿನದು ನೆನಪಿಟ್ಕೊಂಡಿರ್ಬೇಕು."

"ಇಲ್ಲ, ಇದೇ ಜಾಗ. ಅವರು ಹೇಳಿದ್ರು. ನಾನು ಭಯಕ್ಕೆ ಕಣ್ಣೇ ಬಿಟ್ಟಿರಲಿಲ್ಲ. ಈಗ ನೋಡೋಣ ಅಂತ..." ಮಾತು ಅಲ್ಲಿಗೇ ತುಂಡಾಯಿತು. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ, "ಹಾಗಾದ್ರೆ ನಾನು ಬರೋದು ತಡವಾಯ್ತು" ಎಂದಳು.

ತೂಕದಕ್ಕ ತಿರುಗಿದಳು.

ನೀವು ನಂಬುವುದಾದರೆ ನಂಬಿ, ಅಷ್ಟು ವರ್ಷದಲ್ಲಿ ಅದೇ ಮೊದಲು. ಹಿಂದಿನ ಆಸನದಲ್ಲಿ ನರೆತ ಕೂದಲಿನ ಸಣ್ಣ ಹೆಂಗಸು, ಎರಡೂ ಕೈಯಲ್ಲಿ ಆಸನದ ಅಂಚು ಹಿಡಿದು, ಕಣ್ಣನ್ನು ಬಲವಂತವಾಗಿ ಅಗಲಿಸಿ ಕೂತಿದ್ದಳು. ಈಗಲೂ ಅವಳಿಗೆ ನೀರಿನ ಭಯ ಹೋಗಿರಲಿಲ್ಲ.

"ತಡ ಆಗಿಲ್ಲಮ್ಮ," ಎಂದಳು ತೂಕದಕ್ಕ. "ಕುದುರೆ ಅವತ್ತೂ ಇರಲಿಲ್ಲ. ನೀವು ಕಣ್ಣು ಬಿಡ್ಲಿ ಅಂತ ಅವರು ಕಟ್ಟಿ ಹೇಳಿದ್ದು. ನಾನು ಇಲ್ಲೇ ಕೂತಿದ್ದೆ. ನಗು ತಡೀಲಾರದೆ ದೋಣಿ ಅಲ್ಲಾಡಿಸಿಬಿಟ್ಟಿದ್ದೆ."

ಆ ಹೆಂಗಸು ಅವಳನ್ನೇ ನೋಡಿದಳು. "ದೋಣಿ ಅಲ್ಲಾಡಿತ್ತು," ಎಂದಳು ಮೆಲ್ಲಗೆ. "ನಾನು ಮುಳುಗ್ತೀವಿ ಅಂದ್ಕೊಂಡಿದ್ದೆ." ಆಮೇಲೆ ಅವಳ ಮುಖ ಒಡೆಯಿತು. ನಗು, ಅಳು ಎರಡೂ ಒಟ್ಟಿಗೆ ಬಂದವು. "ಇಷ್ಟು ವರ್ಷ ನಿಜ ಅಂತಲೇ ನಂಬಿದ್ದೆ. ಆಣೆ ಬೇರೆ ಹಾಕಿದ್ರು, ಕಳ್ಳ! ಇನ್ನೂ ಏನೇನು ಹೇಳಿದ್ರು? ನನಗೆ ಅರ್ಧ ಮರೆತೇ ಹೋಗಿದೆ. ಇಲ್ಲಿ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ತೂಕದಕ್ಕ ಒಂದು ಗಳಿಗೆ ಅಳುಕಿದಳು. ತಾನು ಎದ್ದರೆ ಮೂತಿ ಏಳುತ್ತದೆ. ಏಳಲಿ ಎಂದುಕೊಂಡು ಎದ್ದಳು. ಕಲ್ಲಿನ ಚೀಲವನ್ನು ಅಲ್ಲೇ ಬಿಟ್ಟು, ಅವಳಿಗೆಂದು ಯಾವತ್ತೂ ಇರದಿದ್ದ ಮೆತ್ತೆಯ ಮೇಲೆ ಬಂದು ಕೂತಳು. ಅಜ್ಜಿ ಕುದುರೆ ಹತ್ತಿದ್ದನ್ನು ಹೇಳಿದಳು. ಅಜ್ಜಿಯ ಮಾತು ಆ ಹೆಂಗಸಿಗೆ ನೆನಪೇ ಇರಲಿಲ್ಲ. ಅವಳು ಬಾಯಿಗೆ ಕೈ ಇಟ್ಟುಕೊಂಡು, ಮತ್ತೆ ಹೇಳಿ, ಮತ್ತೆ ಹೇಳಿ ಎಂದಳು. ದೋಣಿಯವನು ಎಂಜಿನ್ ಹಚ್ಚಿ ವೇಗ ಕೊಟ್ಟ.

ಮೂತಿ ಏಳಲಿಲ್ಲ.

ಬರೀ ಒಂದು ಚೀಲ ಕಲ್ಲಿಗೆ ಬಗ್ಗುವ ಮೂತಿಯಲ್ಲ ಅದು. ಆದರೂ ಅವಳಿಲ್ಲದ ಹಲಗೆ ನೀರಿನ ಮೇಲೆ ನೆಟ್ಟಗೆ, ಮಟ್ಟವಾಗಿ ಓಡಿತು. ತೂಕದಕ್ಕ ಹೇಳುತ್ತಿದ್ದ ಮಾತು ನಿಲ್ಲಿಸಿ ದೋಣಿಯವನ ಮುಖ ನೋಡಿದಳು. ಅವನು ದಡ ನೋಡುತ್ತಿದ್ದ.

ಆ ಹೆಂಗಸು ಇಳಿಯುವಾಗ ತೂಕದಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದು, ಆಮೇಲೆ ಬಿಟ್ಟು ಹೋದಳು. ದೋಣಿಯವನು ಹಗ್ಗ ಸುತ್ತುತ್ತಿದ್ದ.

"ಪೆಟ್ಟಿಗೇಲಿ ಏನಿದೆ?" ತೂಕದಕ್ಕ ಕೇಳಿದಳು.

"ಮರಳು ಅಕ್ಕ."

"ನಾನು ಬೇಕಿರಲಿಲ್ಲ ಹಾಗಾದ್ರೆ. ಇಷ್ಟು ದಿನ ನೀನು ನನ್ನನ್ನ ಸುಮ್ನೆ ಕೂರಿಸ್ಕೊಂಡು ತಿರುಗಿಸ್ತಿದ್ದೆ."

"ಹೂಂ," ಎಂದ. ಬಾಯಿಮಾತಿಗಾದರೂ ಇಲ್ಲ ಎನ್ನಬಹುದಿತ್ತು, ಅವನಿಗೆ ಅದು ಬರುತ್ತಿರಲಿಲ್ಲ. "ನೀವು ಕಲ್ಲು ಹೊರೋದು ನೋಡಿದ್ದೆ. ಹೇಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ." ಹಗ್ಗದ ಸುರುಳಿಯನ್ನು ಗೂಟಕ್ಕೆ ಹಾಕಿ ಮತ್ತೆ ಹೇಳಿದ, "ನಾಳೆ ಬೆಳಿಗ್ಗೆ ಇಬ್ರು ಬರ್ತಾರೆ."

ಅವಳು ಚೀಲ ಎತ್ತಿಕೊಂಡಳು. ಕಲ್ಲುಗಳನ್ನು ಕಟ್ಟೆಯ ಬುಡದಲ್ಲಿ ಸುರಿದು ಹೋದಳು. ಅಂದು ಸಂಜೆ ಒಲೆ ಹಚ್ಚಲಿಲ್ಲ. ಇದ್ದೊಂದು ಕುರ್ಚಿಯಲ್ಲಿ ಕೂತು ಕುದುರೆಯವನ ದನಿಯನ್ನು ಕರೆದಳು. ಅದು ಬರಲಿಲ್ಲ, ಯಾರದಾಗಿತ್ತೋ ಅವಳ ಜೊತೆ ಹೊರಟುಹೋಗಿತ್ತು. ಕಿಟಕಿಯಾಚೆ ಗೋಡೆ ಇತ್ತು. ಇಷ್ಟು ವರ್ಷ ಯಾರಿಗೋ ಬೇಕಾಗಿದ್ದೇನೆ ಎಂದುಕೊಂಡಿದ್ದಳು, ಅದೂ ಸುಳ್ಳಾಯಿತಲ್ಲ ಎಂದು ಅತ್ತಳು, ಚೆನ್ನಾಗಿಯೇ ಅತ್ತಳು.

ಬೆಳಿಗ್ಗೆ ಎದ್ದು ಹೋದಳು. ಹೋಗದೆ ಇನ್ನೆಲ್ಲಿಗೆ ಹೋಗುತ್ತಾಳೆ? ಚೀಲದಲ್ಲಿ ಊಟದ ಡಬ್ಬಿ ಮಾತ್ರ ಇತ್ತು. ದೋಣಿಯವನು ಏನೂ ಕೇಳದೆ ಹಲಗೆಯನ್ನು ಒರೆಸಿ ಕೊಟ್ಟ. ಇಬ್ಬರು ಬಂದರು, ಎಳೆ ಪ್ರಾಯದವರು. ಆಚೆ ತುದಿಯಲ್ಲಿ ಒಬ್ಬರು, ಈಚೆ ತುದಿಯಲ್ಲಿ ಒಬ್ಬರು ಕೂತದ್ದು ಆಸನ ಕಿರುಗುಟ್ಟಿದ್ದರಲ್ಲೇ ತಿಳಿಯಿತು. ಆಮೇಲೆ ಮಾತಿಲ್ಲ. ಮೊಬೈಲಿನ ಟಿಕ್ ಟಿಕ್ ಮಾತ್ರ. ನೀರು ಹಸಿರಾಯಿತು, ಯಾರೂ ನೋಡಲಿಲ್ಲ. ಗವಿ ಗುಡುಗಿತು, ಯಾರೂ ಕೇಳಲಿಲ್ಲ.

ಗುಡ್ಡ ಬಂತು. ಬೋಳು ಬಂಡೆ, ಅದೇ ಹಿಕ್ಕೆ. ತೂಕದಕ್ಕ ಹಲಗೆಯ ಮೇಲೆ ಇಡೀ ಮೈ ತಿರುಗಿಸಿದಳು.

"ಅಲ್ಲಿ ನೋಡಿ!" ಎಂದು ಕೈ ಎತ್ತಿದಳು. "ಬಿಳಿ ಕುದುರೆ!"

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. "ಎಲ್ಲಿ? ಎಲ್ಲಿ?" ಹುಡುಗಿ ಆಸನದ ಈ ತುದಿಯಿಂದ ಆ ತುದಿಗೆ ಸರಿದು ಹುಡುಗನ ಹೆಗಲು ಹಿಡಿದು ಇಣುಕಿದಳು. ದೋಣಿಯವನು ಕೆಮ್ಮಲಿಲ್ಲ. ಎಂಜಿನ್ ನಿಲ್ಲಿಸಿ, ಅವನೂ ಗುಡ್ಡದ ಕಡೆ ಕತ್ತೆತ್ತಿ ನೋಡಿದ.