ಕಲ್ಲುಬಾನಿಯ ನೈದಿಲೆ

ಹಾಸನದ ನಮ್ಮ ಮನೆಯ ತಾರಸಿಯಲ್ಲಿ ನೀರಿನ ತೊಟ್ಟಿಯೊಂದಿದೆ, ಅದರಲ್ಲಿ ನೈದಿಲೆ. ಕೊಳೆತ ಎಲೆ ತೆಗೆಯಲು ಕೈ ಹಾಕಿದರೆ ತಳದ ಕೆಸರು ಕದಡಿ ವಾಸನೆ ಏಳುತ್ತದೆ. ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಕೊಣನೂರಿನ ಹಿತ್ತಲು, ಅಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ಅಜ್ಜಿ ನೆನಪಾಗುತ್ತಾಳೆ.

ಗೌರಿ ಹಬ್ಬಕ್ಕೆ ದೇವರಿಗೆ ನೈದಿಲೆ ಮುಡಿಸುವುದು ನಮ್ಮ ಮನೆಯ ರೂಢಿ. ಊರಾಚೆಯ ಕಟ್ಟೆಯಲ್ಲಿ ನೀಲಿ ನೈದಿಲೆ ಬೇಕಾದಷ್ಟಿತ್ತು. ಸೈಟು ಮಾಡುವವರು ಕಟ್ಟೆಗೆ ಮಣ್ಣು ಸುರಿಯತೊಡಗಿದಾಗ ಅಜ್ಜಿ ಮಂಡಿಯುದ್ದ ಕೆಸರಿಗಿಳಿದು ಒಂದು ಗೆಡ್ಡೆ ಕಿತ್ತು ತಂದಳು. ದನಗಳಿಗೆ ಕಲಗಚ್ಚು ಇಡುತ್ತಿದ್ದ ಕಲ್ಲುಬಾನಿ ಖಾಲಿ ಬಿದ್ದಿತ್ತು, ಅದರಲ್ಲೇ ನೆಟ್ಟಳು. ಕಟ್ಟೆ ಮುಚ್ಚಿಹೋಯಿತು. ಉಳಿದದ್ದು ಅದೊಂದೇ ಗೆಡ್ಡೆ.

ಅಜ್ಜಿಗೆ ಶುಚಿಯ ಹುಚ್ಚು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಶುಕ್ರವಾರ ಬಂದರೆ ಹಂಡೆ, ಬಿಂದಿಗೆ, ಹೊಸಿಲು ಎಲ್ಲವನ್ನೂ ತಿಕ್ಕುವವಳು ದೇವರಿಗೆ ಹೂ ಕೊಡಬೇಕಾದ ಬಾನಿಯನ್ನು ಬಿಡುತ್ತಾಳೆಯೇ? ಗೆಡ್ಡೆ ಎತ್ತಿಟ್ಟು, ಕೆಸರು ಚೆಲ್ಲಿ, ತೆಂಗಿನ ನಾರಿನಿಂದ ಬಾನಿ ಉಜ್ಜಿ, ತೊಳೆದ ಮರಳು ಹಾಕಿ ತಿಳಿನೀರು ತುಂಬುತ್ತಿದ್ದಳು. ಹೊಸ ಎಲೆಗಳು ಕಾಸಿನಗಲಕ್ಕೇ ನಿಂತುಬಿಡುತ್ತಿದ್ದವು. ಒಂದು ಗೌರಿ ಹಬ್ಬ ನೈದಿಲೆಯಿಲ್ಲದೆ ಕಳೆಯಿತು. ಅಂದು ಅಜ್ಜಿಗೆ ಊಟ ಸೇರಲಿಲ್ಲ.

ಕೊನೆಗೆ ಚಿಕ್ಕಮ್ಮ ರೇಗಿದಳು. "ಅತ್ತೆ, ಅದು ಕೆಸರಲ್ಲೇ ಉಟ್ಟಿದ್ದು. ವಾರವಾರ ಉಜ್ಜಿದ್ರೆ ಅದೆಂಗ್ ಬದುಕ್ತದೆ? ಅಂಗೇ ಬುಟ್ಬುಡಿ."

"ಪಾಚಿ ಕಟ್ಟಿದ್ರೆ ನೋಡ್ದೋರು ಏನಂದಾರು?" ಎಂದು ಗೊಣಗಿದರೂ ಅಜ್ಜಿ ಗದ್ದೆಮಣ್ಣು ತರಿಸಿ ಗೆಡ್ಡೆ ಹೂತಳು. ಅಂದಿನಿಂದ ಶುಕ್ರವಾರಗಳಲ್ಲಿ ಅವಳನ್ನು ನೋಡುವುದೇ ಒಂದು ತಮಾಷೆ. ನಾರು ಹಿಡಿದು ಹಿತ್ತಲಿಗೆ ಹೋಗುವುದು, ಹಸಿರು ನೀರು ನೋಡಿ ಮುಖ ಸಿಂಡರಿಸಿ ವಾಪಸಾಗುವುದು. ಆ ಸಿಟ್ಟಿಗೆ ಒಳಗಿನ ಪಾತ್ರೆಗಳನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದಳು.

ಮುಂದಿನ ಗೌರಿ ಹಬ್ಬದ ಬೆಳಗ್ಗೆ ಬಾನಿಯಲ್ಲಿ ಒಂದೇ ಒಂದು ನೀಲಿ ಹೂ ಅರಳಿತ್ತು. ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು ದಂಟಿಗೆ ಕೈಯಿಟ್ಟಳು. ಆಮೇಲೆ ಕೈ ತೆಗೆದು ಕಣಗಿಲೆ ಗಿಡದ ಕಡೆ ನಡೆದಳು.

"ಅಜ್ಜಿ, ಗೌರಮ್ಮಂಗೆ?" ಎಂದೆ.

"ಗೌರಮ್ಮಂಗೆ ಊರ್ ತುಂಬ ಹೂವೈತೆ ಮಗ. ಇದ್ಕೆ ಇರಾಕೆ ಇನ್ನೊಂದ್ ಜಾಗ ಎಲ್ಲೈತೆ? ಬೀಜ ಆಗ್ಲಿ ಬುಡು."

ಅದು ಅಜ್ಜಿ ಮಾಡಿದ ಕೊನೆಯ ಗೌರಿ ಹಬ್ಬ. ಆ ಮನೆ ಈಗ ಬೇರೆಯವರದು; ಬಾನಿಯ ಗೆಡ್ಡೆಯ ಒಂದು ತುಂಡು ನಮ್ಮ ತಾರಸಿಯ ತೊಟ್ಟಿಯಲ್ಲಿದೆ. ಆ ಕೊನೆಯ ಹಬ್ಬದ ಮಾರನೆಯ ಬೆಳಗ್ಗೆ ಕೀಳದೆ ಬಿಟ್ಟ ಹೂ ಮತ್ತೆ ಅರಳಿತ್ತು. ಅಜ್ಜಿ ಕಾಫಿ ಲೋಟ ಹಿಡಿದು ಬಾನಿಯ ಪಕ್ಕ ಕೂತು, ಬಂದು ನೋಡೆಂದು ನನ್ನನ್ನು ಕೂಗಿ ಕರೆದಳು. ಈಗಲೂ ಯಾರಾದರೂ ಹಾಗೆ ಕರೆಯಲಿ ಅನ್ನಿಸುತ್ತದೆ. ಕರೆಯುವವರಿಲ್ಲ.