ಬಿತ್ತುವ ತೊಗರಿ ತೊಳೆದ ಸೊಸೆ

"ನಾ ಶಹಾಬಾದಿನ ಮಗಳವ್ವಾ. ನಮ್ಮಪ್ಪ ನಾಗೇಂದ್ರಪ್ಪ ಹಾಸುಗಲ್ಲು ಕಡೀತಿದ್ದ. ಕಲ್ಲಿನ ಮ್ಯಾಲ ನೀರ ಹಾಕಿ ತಿಕ್ಕಿ ತಿಕ್ಕಿ, ಅದರಾಗ ನಮ್ಮ ಮಾರಿ ಕಾಣೂಹಂಗ ಆದಮ್ಯಾಲೇ 'ಈಗ ಹಸನಾತು ನೋಡ ಭಾಗಿ' ಅಂತಿದ್ದ. ಹಸನ ಅಂದ್ರ ತೊಳೆಯೂದು, ಹೊಳೆಯೂದು, ನಂಗ ಅಷ್ಟೇ ಗೊತ್ತು. ಲಗ್ನಾಗಿ ಸೇಡಂ ಕಡಿ ಹಳ್ಳಿಗಿ ಬಂದೆ. ಅತ್ತಿ ಬಾಯಿಂದ ಒಮ್ಮಿ 'ಹಸನಾತು' ಅನ್ನೂ ಮಾತು ಕೇಳಬೇಕಂತ ಭಾಳ ಆಸೆ. ಮನಿ ಸಾರಿಸಿದ್ರೂ ಸುಮ್ಮ, ರೊಟ್ಟಿ ಬಡದ್ರೂ ಸುಮ್ಮ. ಒಂದಿನ ಮೂಲ್ಯಾಗಿನ ಗಡಗಿ ತೆಗದು ನೋಡ್ತೀನಿ, ತೊಗರಿಗೆಲ್ಲ ಕೆಂಪ ಮಣ್ಣು ಮೆತ್ಯಾದ! ಇಷ್ಟು ಹೊಲಸ ಕಾಳು ಮನ್ಯಾಗ ಇಡ್ತಾರೇನು ಅಂತ ಬಾವಿಗಿ ಒಯ್ದೆ."

ಭಾಗಮ್ಮ ಮುಪ್ಪಿನಲ್ಲಿ ಇದನ್ನು ಹೇಳುವಾಗ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ದಿನ ನಗು ಇರಲಿಲ್ಲ. ಅದು ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಗಳಲ್ಲೊಂದು. ಮೃಗಶಿರೆಯ ಮಳೆಗೆ ಹದಿನೈದೇ ದಿನ ಉಳಿದಿತ್ತು. ಅವಳು ತಿಕ್ಕಿ ತೊಳೆದದ್ದು ಬಿತ್ತನೆಯ ತೊಗರಿ. ಹುಳು ಹತ್ತದಿರಲೆಂದು ಅತ್ತೆ ಚಂದಮ್ಮ ಕೆಮ್ಮಣ್ಣು ಕಟ್ಟಿ ಇಟ್ಟದ್ದು. ತೊಳೆದದ್ದು ಸಾಲದೆಂದು ಅಂಗಳದ ಕಾದ ಹಾಸುಗಲ್ಲಿನ ಮೇಲೆ ಹರವಿಯೂ ಬಿಟ್ಟಿದ್ದಳು. ಮೊಳಕೆ ಸತ್ತರೆ ಆ ವರ್ಷ ಹೊಲಕ್ಕೆ ಹಾಕಲು ಮನೆಯಲ್ಲಿ ಬೇರೆ ಬೀಜವಿರಲಿಲ್ಲ.

ಪಕ್ಕದ ಮನೆಯ ಬಿಬಿಜಾನ್ ಗೋಡೆಯ ಮೇಲಿಂದ ಇಣುಕಿದಳು.

"ಚಂದಮ್ಮಕ್ಕ, ಬಂದು ನೋಡು! ನಿನ್ನ ಸೊಸಿ ತೊಗರಿಗಿ ಎಣ್ಣಿ ನೀರ ಹಾಕ್ಯಾಳ. ತೊಟ್ಲ ಒಂದು ಕಟ್ಟೂದು ಬಾಕಿ!"

ಚಂದಮ್ಮ ಓಡಿ ಬಂದಳು. ಬೈಯಲಿಲ್ಲ. ಕಾಳನ್ನೆಲ್ಲ ಮೊರಕ್ಕೆ ಬಳಿದು ನೆರಳಿಗೆ ತಂದಳು. ಹತ್ತು ಕಾಳು ಎತ್ತಿ ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ ಸೊಸೆಯ ಕೈಗಿಟ್ಟಳು.

"ಇದು ಆರಗೊಡಬ್ಯಾಡ. ನಾಕ ದಿನಕ್ಕ ಬಿಚ್ಚೂಣು."

ಭಾಗಮ್ಮ ಕೊಡದ ಮಗ್ಗುಲಲ್ಲಿ ಗಂಟು ಇಟ್ಟು, ಹಾದಾಗೊಮ್ಮೆ ನೀರು ಚಿಮುಕಿಸಿದಳು. ಇನ್ನು ತವರಿಗೆ ಅಟ್ಟುತ್ತಾರೆಂದು ಎರಡು ಸೀರೆ ಮಡಚಿಟ್ಟಳು. ಚಂದಮ್ಮ ಕಂಡೂ ಕಾಣದವಳಂತೆ ಅವನ್ನು ಬಿಚ್ಚಿ ಮತ್ತೆ ಹಗ್ಗದ ಮೇಲೆ ಹಾಕಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಗಂಟು ಬಿಚ್ಚಿದರು. ಎಂಟು ಕಾಳು ಬಿಳಿ ಮೂತಿ ಹೊರಹಾಕಿದ್ದವು. ಎರಡು ಮಿಸುಕಿರಲಿಲ್ಲ. ಭಾಗಮ್ಮನಿಗೆ ಅಳು ತಡೆಯಲಿಲ್ಲ.

"ಅಳ್ತಿ ಯಾಕ ಹುಚ್ಚಿ? ತುಸು ದಟ್ಟಗ ಬಿತ್ತಿದ್ರಾತು. ನಿಮ್ಮಪ್ಪನ ಕಲ್ಲು ಕಾಲಿಗಿ ಹಸನ. ಇದು ನೆಲಕ್ಕ ಹಸನಿರಬೇಕು. ನೆಲ ಏನ್ ಕಾಳಿನ ಮಾರಿ ನೋಡ್ತದೇನು?"

"ಹಸನ ಅಂಬ ಮಾತು ಎಲ್ಲಿಂದ ಬಂತತ್ತಿ?"

"ನಮ್ಮ ಉರ್ದು ಮಾತದು," ಗೋಡೆಯಾಚೆಯಿಂದ ಬಿಬಿಜಾನ್ ಕೂಗಿದಳು. "ಹಸನ್ ಅಂದ್ರ ಚೆಲುವ. ನಿಮಗ ಕಡಾ ಕೊಟ್ಟೀವಿ."

"ಕೊಟ್ಟಿದ್ರ ತಿರುಗಿ ಕೊಡಲ್ಲ, ಹೋಗ!" ಚಂದಮ್ಮ ನಕ್ಕಳು. "ನಂಗ ನಮ್ಮತ್ತಿ ಈ ಕೇರೂ ಮರದ ಕೂಡ ಕೊಟ್ಟಾಳ. ಹೊಟ್ಟು ಹಾರಿ, ಹಳ್ಳು ಕಲ್ಲು ಹೋಗಿ, ಕಡೀಗಿ ಉಳಿದದ್ದ ನೋಡಿ 'ಹಸನಾತು' ಅಂತಿದ್ಲು. ಅದಕ್ಕೂ ಹಿಂದಿಂದು ನಂಗ ಗೊತ್ತಿಲ್ಲವ್ವಾ."

ಹಾಗೆನ್ನುತ್ತ ಮೊರವನ್ನು ಸೊಸೆಯತ್ತ ಸರಿಸಿದಳು. ಅಂದಿನ ರೊಟ್ಟಿಯ ಜೋಳ ಅದರಲ್ಲಿತ್ತು. ಭಾಗಮ್ಮ ಕಣ್ಣೊರೆಸಿಕೊಂಡು, ಗಾಳಿಗೆ ಬೆನ್ನು ಮಾಡಿ ಕುಳಿತು, ಕೇರತೊಡಗಿದಳು.