ನೀಲಕ್ಕನ ಕೆಸರು

ಅಂದು ಸಾಹೇಬರು ಕೇಳಿದಾಗ ನಾನು ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. ನಮ್ಮ ಅಕ್ಕ ನೀಲವ್ವನ ಬಗ್ಗೆ ಬರೆಯಲು ಕುಳಿತರೆ ಮೊದಲು ಅದೇ ಕೈಗೆ ಬರುತ್ತದೆ.

ಅಕ್ಕ ಕೆಸರನ್ನು ಬಾಯಿಗೆ ಹಾಕಿ ನೋಡುತ್ತಿದ್ದಳು. ಮುಂದಿನ ಹಲ್ಲಿನಲ್ಲಿ ಚೂರು ಅರೆದು, ಉಗುಳಿ, “ಉಸುಕೈತಿ, ಇನ್ನೊಮ್ಮಿ ಸೋಸ್ರಿ” ಎನ್ನುವಳು. ಮಾಳಿಗೆಗಳಿಗೆ ಮಣ್ಣು ಹಾಕಿ, ಸೋರದಂತೆ ತುಳಿಯುವುದು ಅವಳ ಕಸುಬು.

ಐವತ್ತರ ದಶಕದಲ್ಲಿ ಬೆಳವಣಕಿಯ ಎರೆಹೊಲಕ್ಕೆ ನೀರು ಹುಡುಕಲು ಭೂಮಿ ಕೊರೆಯುವ ಯಂತ್ರ ಬಂದಾಗ ಇಬ್ಬರಿಗೂ ಕೆಲಸ ಸಿಕ್ಕಿತು. ಗುಂಡಿಯಲ್ಲಿ ಕೆಸರು ಕಲಸುವುದು ಅವಳಿಗೆ. ಅದನ್ನು ಕೊಳವೆಯೊಳಗೆ ದಬ್ಬುವ ಪಂಪು ನನಗೆ. ಕೆಸರು ತಳಕ್ಕಿಳಿದು, ಕೊರೆದ ಪುಡಿಯನ್ನು ಹೊತ್ತು ಮೇಲೆ ಬರಬೇಕು; ಅದರಲ್ಲಿ ಉಸುಕಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಒತ್ತಡ ಮೀರಿದರೆ ಮುರಿಯಲೆಂದೇ ಪಂಪಿಗೊಂದು ಹಿತ್ತಾಳೆಯ ಪಿನ್ನು. ಅದು ಮುರಿದರೆ ಕೆಸರು ಹೊರಗೆ ಹಾರಿ ಪಂಪಿನ ಪೈಪು ಉಳಿಯುತ್ತದೆ.

ಮೂರನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಕಷ್ಟಪಟ್ಟು ಆ ಪಂಪು ಕಲಿತಿದ್ದೆ. ಆದರೆ ಯಂತ್ರ ನಡೆಸುವ ಮೇಸ್ತ್ರಿ ದಿನಾ ಬೆಳಿಗ್ಗೆ ಕೇಳುತ್ತಿದ್ದುದು ಅಕ್ಕನನ್ನು: “ನೀಲವ್ವಾರ, ಚಾಲೂ ಮಾಡೂಣೇನ್ರಿ?” ನನಗೆ, “ಏ ಪಂಪ್ಯಾ!”

ಒಂದು ದಿನ ಅಕ್ಕ ಪೈಪಿನ ಮೇಲೆ ಅಂಗೈಯಿಟ್ಟು, “ತಮ್ಮಾ, ಪೈಪು ಬಿಗಿ ಆಗೇತಿ. ಸಾವಕಾಶ ನಡಸು” ಎಂದಳು.

“ಕೇಳಿದ್ಯೇನೋ? ಪಂಪು ಅಕ್ಕಗ ಕೊಡು, ನೀ ಕೆಸರು ತುಳಿ” ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ನಾನು ಪಂಪು ಸಾವಕಾಶ ಮಾಡಲಿಲ್ಲ.

ಆ ವಾರ ಎರಡು ಸಲ ಪಿನ್ನು ಮುರಿಯಿತು. ಎರಡು ಸಲವೂ ಪಂಪು ನಿಲ್ಲಿಸಿದೆ, ನಗೆಪಾಟಲಾದೆ. ಮೂರನೆಯ ಸಲ ಮುರಿಯಬಾರದೆಂದು ಪಿನ್ನಿನ ಜಾಗಕ್ಕೆ ಚಕ್ಕಡಿ ಗಾಡಿಯ ಕಬ್ಬಿಣದ ಮೊಳೆ ಬಡಿದೆ. ಮಧ್ಯಾಹ್ನ ತಳದಲ್ಲಿ ಕೊಳವೆ ಕಟ್ಟಿಕೊಂಡಿತು. ಮೊಳೆ ಮುರಿಯಲಿಲ್ಲ, ಪೈಪು ಸಿಡಿಯಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಕೆಲಸದ ಉಸ್ತುವಾರಿಯ ಸಾಹೇಬರು ಬರುವಷ್ಟರಲ್ಲಿ ಮೊಳೆ ಕಿತ್ತು ಕಿಸೆಗೆ ಹಾಕಿಕೊಂಡೆ. ಅಕ್ಕ ನೋಡಿದಳು.

“ಯಾರ ತಪ್ಪಿದು?” ಎಂದರು ಸಾಹೇಬರು.

“ಕೆಸರಿನ್ಯಾಗ ಉಸುಕಿತ್ರಿ ಸಾಹೇಬ್ರ. ಅಕ್ಕ ಸೋಸಿದ್ದಿಲ್ರಿ” ಎಂದೆ.

ಸಾಹೇಬರು ಅವಳನ್ನು ಆಗಲೇ ಕೆಲಸದಿಂದ ತೆಗೆದರು. ಅವಳು ಮೊಣಕೈವರೆಗಿನ ಕೆಸರು ತೊಳೆದುಕೊಳ್ಳುತ್ತ ನನಗಷ್ಟೇ ಕೇಳುವಂತೆ, “ಪಿನ್ನು ಇದ್ದಿದ್ರ ಪೈಪು ಉಳೀತಿತ್ತಲ್ಲೋ” ಎಂದಳು.

ಊರಿನಲ್ಲಿ ಅವಳಿಗೆ ‘ಉಸುಕಿನ ನೀಲವ್ವ’ ಎಂಬ ಹೆಸರು ಬಿತ್ತು. ಮಾಳಿಗೆ ಕೆಲಸಕ್ಕೂ ಯಾರೂ ಕರೆಯದಾದಾಗ ನರೇಗಲ್ಲಿಗೆ ಹೋದಳು. ನಾನು ಯಂತ್ರದ ಹಿಂದೆ ನರಗುಂದ, ಗಜೇಂದ್ರಗಡ ಸುತ್ತಿದೆ. ಹೋದಲ್ಲೆಲ್ಲ ಮೇಸ್ತ್ರಿ ಗುಂಡಿ ನೋಡಿ, “ನೀಲವ್ವಾರ ಕೆಸರಿನಂಗ ಆಗವಲ್ದು” ಎನ್ನುತ್ತಿದ್ದ. ಅವಳು ಊರು ಬಿಟ್ಟ ಮೇಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ.

ಎರಡು ವರ್ಷದ ಮೇಲೆ, ಆ ಸುಳ್ಳನ್ನು ಇನ್ನು ಹೊರಲಾಗದೆ ನರೇಗಲ್ಲಿಗೆ ಹೋದೆ. ಅಕ್ಕ ಯಾರದೋ ಮಾಳಿಗೆಯ ಮೇಲೆ ನಾಲ್ಕು ಹೆಂಗಸರೊಂದಿಗೆ ಮಣ್ಣು ತುಳಿಯುತ್ತಿದ್ದಳು. “ಕೆಳಗ ಬಾರವಾ, ಒಂದ್ ಮಾತೈತಿ” ಎಂದೆ.

“ಮಣ್ಣು ಒಣಗತೈತಿ. ಅಲ್ಲಿಂದನ ಹೇಳು.”

ಹೆಂಗಸರು ತುಳಿಯುವುದನ್ನು ನಿಲ್ಲಿಸಿ ಬಗ್ಗಿ ನೋಡಿದರು. ಓಣಿಯಲ್ಲಿ ಹೋಗುವವರೂ ನಿಂತರು. ನಾನು ಕತ್ತೆತ್ತಿ ಕೂಗಿದೆ:

“ನಿನ್ನ ಕೆಸರಿನ್ಯಾಗ ಉಸುಕಿರಲಿಲ್ಲ! ಮೊಳಿ ಬಡದಾಂವ ನಾ. ನಿನ್ನ ಹೆಸರು ದೊಡ್ಡದಾತಂತ ಹೊಟ್ಟಿ ಉರದು ಸುಳ್ಳು ಹೇಳಿದೆ. ನಂದ ತಪ್ಪಾತಕ್ಕಾ!”